ಈರುಳ್ಳಿ ಸಿಪ್ಪೆ ಹಸಿಯೋ ಒಣದೋ?

ಕನ್ನಡ ಚೆನ್ನಾಗಿ ಬರುತ್ತದೆ ಎಂಬ ಹೆಮ್ಮೆ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೋ ಹೇಳಲಾಗುವುದಿಲ್ಲ. ನನ್ನನ್ನು ಅದು ಗಿರಿನಗರದ ನಮ್ಮ ಮನೆ ಗೇಟಿನ ಮುಂದೆ, ಬೆಳಗ್ಗೆ ಏಳು ಗಂಟೆಗೆ, ಎರಡು ಕೈಯಲ್ಲಿ ಎರಡು ಕಸದ ಬಕೆಟ್ಟು ಕೊಟ್ಟು ನಿಲ್ಲಿಸಿತು. ನಮ್ಮ ರಸ್ತೆಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಲಗ್ನಪತ್ರಿಕೆಯ ಕಾಗುಣಿತ ತಿದ್ದಿಸಲು ನನ್ನ ಹತ್ತಿರವೇ ಬರುತ್ತಾರೆ. ಅಂಥ ನಾನು ‘ಹಸಿ’, ‘ಒಣ’ ಎಂಬ ಎರಡೇ ಎರಡು ಪದಗಳಲ್ಲಿ ಫೇಲಾದೆ.

ಸರ್ಕಾರದ ನಿಯಮ ಸರಳವಾಗಿಯೇ ಇದೆ. ಹಸಿ ಕಸ ಹಸಿರು ಬಕೆಟ್ಟಿಗೆ, ಒಣ ಕಸ ನೀಲಿಗೆ, ಬೆರೆಸಿದರೆ ಗಾಡಿಯವರು ಮುಟ್ಟುವುದಿಲ್ಲ. ನಾನು ಪದದ ಅರ್ಥಕ್ಕೆ ಒಂದಿಷ್ಟೂ ಮೋಸವಾಗದಂತೆ ನಡೆದುಕೊಂಡೆ. ಹಾಲಿನ ಕವರುಗಳನ್ನು ತೊಳೆದು, ನೀರು ತೊಟ್ಟಿಕ್ಕುತ್ತಿದ್ದಂತೆಯೇ ಹಸಿರಿಗೆ ಹಾಕಿದೆ. ಈರುಳ್ಳಿ ಸಿಪ್ಪೆ, ಕಡಲೆಕಾಯಿ ಸಿಪ್ಪೆ, ದೇವರ ಫೋಟೋದ ಮೇಲೆ ಗರಿಗರಿಯಾಗಿದ್ದ ಸೇವಂತಿಗೆ ಹಾರ, ಎಲ್ಲ ನೀಲಿಗೆ. ಕಸದ ಗಾಡಿಯ ಗಂಗಮ್ಮ, ಹೊಸ ಸೊಸೆಯ ಸಾರನ್ನು ಅತ್ತೆ ನೋಡುವ ಹಾಗೆ ಬಕೆಟ್ಟಿನೊಳಗೆ ನೋಡಿದರು.

“ಏನ್ ಸಾ ಇದು, ಹಾಲಿನ್ ಕವರ್ ಹಸಿರಲ್ಲಿ ಹಾಕಿದೀರಾ?”

“ಮುಟ್ಟಿ ನೋಡಿ ಗಂಗಮ್ಮ, ಹಸಿಯಾಗೇ ಇದೆ.”

“ಈರುಳ್ಳಿ ಸಿಪ್ಪೆ?”

“ಅದು ಒಣಗಿದೆಯಲ್ಲ!”

“ಕೊಳೆಯೋದು ಹಸಿ, ಕೊಳೀದೇ ಇರೋದು ಒಣ. ಎಷ್ಟ್ ಸಲ ಹೇಳ್ಲಿ ಸಾ? ಎದುರು ಮನೆ ಹಿಂದಿ ಹುಡ್ಗೀರೇ ಸರಿಯಾಗ್ ಮಾಡ್ತಾವ್ರೆ. ನಿಮಗ್ಯಾಕೆ ಕನ್ನಡ ಅರ್ಥಾಗಲ್ಲ?”

ಎದುರು ಮನೆಯ ಹುಡುಗಿಯರು ಬಾಲ್ಕನಿಯಲ್ಲೇ ನಿಂತಿದ್ದರು. ಬಕೆಟ್ಟುಗಳ ಜೊತೆ ನಾನೂ ವಾಪಸಾದೆ. ಮೊದಲೇ ಹಲಸಿನ ಹಣ್ಣಿನ ಕಾಲ. ಹೆಂಡತಿ ಶಾರದ ಮೂಗಿಗೆ ಸೆರಗು ಹಿಡಿದು ತೀರ್ಪು ಕೊಟ್ಟಳು: “ನಾಳೆಯೂ ವಾಪಸ್ ಬಂದ್ರೆ ಎರಡೂ ಬಕೆಟ್ಟು ನೀವು ಪೇಪರ್ ಓದೋ ಕುರ್ಚಿ ಪಕ್ಕಾನೇ ಇರುತ್ವೆ, ನೋಡ್ತಿರಿ.”

ಆ ಕುರ್ಚಿಯಲ್ಲಿ ಕುಳಿತಾಗ ಅಮ್ಮ ನೆನಪಾದಳು. ಇದೇ ಮನೆಯಲ್ಲಿ, ನಾನು ಚಿಕ್ಕವನಾಗಿದ್ದಾಗ, ಕಸ ಎಂದರೆ ಪೊರಕೆಗೆ ಸಿಕ್ಕ ಧೂಳು ಅಷ್ಟೇ. ಉಳಿದದ್ದಕ್ಕೆಲ್ಲ ಹೋಗಲು ಒಂದೊಂದು ಊರಿತ್ತು. ತೆಂಗಿನ ಕರಟ ಬಚ್ಚಲ ಹಂಡೆಯ ಒಲೆಗೆ, ನಾರು ಪಾತ್ರೆ ಉಜ್ಜಲಿಕ್ಕೆ, ಕಾಫಿ ಗಸಿ ಕರಿಬೇವಿನ ಬುಡಕ್ಕೆ. ಹಳೇ ಪೇಪರು ಅಂಗಡಿಗೆ ಹೋಗಿ, ಕಡಲೆಕಾಯಿ ಪೊಟ್ಟಣವಾಗಿ ಮತ್ತೆ ನಮ್ಮ ಕೈಗೇ ಬರುತ್ತಿತ್ತು. ಹಿತ್ತಲ ಬಾಗಿಲಲ್ಲಿ ಕಲಗಚ್ಚಿನ ತಪ್ಪಲೆ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಅದಕ್ಕೆ. ಸಂಜೆ ಹಿಂದಿನ ಬೀದಿಯ ಮುನಿಯಮ್ಮ ಬಂದು ತನ್ನ ಹಸುವಿಗೆ ಬಗ್ಗಿಸಿಕೊಂಡು ಹೋಗುತ್ತಿದ್ದಳು. ಹಸು ಕರು ಹಾಕಿದಾಗ ನಮಗೆ ಒಂದು ಚೊಂಬು ಗಿಣ್ಣದ ಹಾಲು. ನಾವು ಏನನ್ನಾದರೂ ಹಿಡಿದು “ಅಮ್ಮಾ, ಇದೆಲ್ಲಿಗೆ?” ಎಂದರೆ ಅವಳದು ಒಂದೇ ಪ್ರಶ್ನೆ: “ಹಸು ತಿನ್ನುತ್ತೇನೋ? ಗಿಡ ತಿನ್ನುತ್ತೇನೋ?” ಒಮ್ಮೆ ನಾನು ತಪ್ಪಲೆಯೊಳಗೆ ಗುಂಡುಪಿನ್ನು ಬೀಳಿಸಿದೆ. ಅಮ್ಮ ಮೊಳಕೈವರೆಗೆ ಕೈಯಿಟ್ಟು, ಅದು ಸಿಗುವವರೆಗೂ ತಡಕಿದಳು. “ಮೂಕ ಪ್ರಾಣಿ ಕಣೋ, ಅದಕ್ಕೆ ಬೇಡ ಅನ್ನಕ್ಕೆ ಬರಲ್ಲ” ಎಂದಳು. ಅವಳಿಗೆ ಯಾವ ಇಲಾಖೆಯೂ ನೋಟಿಸು ಕೊಟ್ಟಿರಲಿಲ್ಲ.

ಅಂದು ಸಂಜೆ ಅಮ್ಮನ ಪ್ರಶ್ನೆಯನ್ನೇ ಕೇಳಿಕೊಳ್ಳುತ್ತಾ ಬಕೆಟ್ಟುಗಳನ್ನು ವಿಂಗಡಿಸಿದೆ. ಮರುದಿನ ಗಂಗಮ್ಮ ನೋಡಿ, “ಪರವಾಗಿಲ್ವೇ!” ಎಂದು ಎರಡನ್ನೂ ಗಾಡಿಗೆ ಸುರಿದರು. ನನ್ನ ಕುರ್ಚಿ ಉಳಿಯಿತು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಒಂದು ರಟ್ಟಿಗೆ ಮೈದಾ ಅಂಟಿನಿಂದ ಬಿಳಿ ಹಾಳೆ ಮೆತ್ತಿ, ‘ಹಸುವೋ ಗಿಡವೋ ತಿನ್ನುವುದು ಹಸಿರಿಗೆ, ತಿನ್ನದ್ದು ನೀಲಿಗೆ’ ಎಂದು ದುಂಡಗೆ ಬರೆದು, ರಸ್ತೆಗೆಲ್ಲ ಉಪಕಾರವಾಗಲೆಂದು ಗೇಟಿಗೆ ಕಟ್ಟಿದೆ. ಮಾರನೆಯ ಬೆಳಗ್ಗೆ ಗಂಗಮ್ಮ ಒಂದೊಂದೇ ಅಕ್ಷರ ಕೂಡಿಸಿ ಓದಿ ನಕ್ಕುಬಿಟ್ಟರು.

“ಯಾವ ಕಾಲದ್ ಹಸು ಸಾ? ಈಗಿನವು ಪೇಪರ್ರೂ ತಿಂತವೆ, ಕವರ್ರೂ ತಿಂತವೆ. ಇದಕ್ಕೆ ಮೈದಾ ಬೇರೆ ಬಳಿದಿದೀರ. ಮೊದ್ಲು ನಿಮ್ ಬೋರ್ಡೇ ತಿನ್ನೋದು!”

ರಸ್ತೆಯ ತಿರುವಿನಲ್ಲಿ ಒಂದು ಹಸು, ಗಂಟು ಹಾಕಿದ ಪ್ಲಾಸ್ಟಿಕ್ ಕವರನ್ನು ಬಿಚ್ಚದೆ ಹಾಗೇ ಅಗಿಯುತ್ತಿತ್ತು. ಬೇಡ ಅನ್ನಲು ಅದಕ್ಕೆ ಬರುತ್ತಿರಲಿಲ್ಲ. ಕೈಯಿಟ್ಟು ತಡಕಲು ಅಮ್ಮನೂ ಇರಲಿಲ್ಲ. ನಾನೇ ಹೋಗಿ, ಅದು ಕೊಂಬು ಆಡಿಸಿದರೂ ಬಿಡದೆ, ಕವರನ್ನು ಎಳೆದುಕೊಂಡು ಬಂದೆ. ಆಮೇಲೆ ಬೋರ್ಡು ಬಿಚ್ಚಿದೆ.

“ಇದು ಯಾವುದಕ್ಕೆ ಗಂಗಮ್ಮ?”

“ರಟ್ಟಲ್ವಾ ಸಾ, ಒಣ” ಎಂದು ಕೈಚಾಚಿದರು.

ಒಳಗಿನಿಂದ ಶಾರದ ಕೂಗಿದಳು: “ಗಂಗಮ್ಮಾ, ಅದರ ಜೊತೆ ಇವರ ಜಂಬಾನೂ ಹಾಕ್ಕೊಂಡ್ಹೋಗಿ. ಅದೂ ಒಣದೇ!”

‘ಒಣಜಂಬ’ದ ಅರ್ಥವನ್ನು ಲಗ್ನಪತ್ರಿಕೆ ತಿದ್ದುವವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬಕೆಟ್ಟುಗಳನ್ನು ತೊಳೆದು ಬೋರಲು ಹಾಕಿದೆ. ಆ ದಿನ ನಮ್ಮ ಮನೆಯಿಂದ ಹೋದದ್ದೆಲ್ಲ ಸರಿಯಾದ ಬಕೆಟ್ಟಿಗೇ ಹೋಗಿತ್ತು.