ಗೋಡೆಯ ಮೇಲಿನ ಅತ್ತೆ

ಬಣ್ಣ ಸಾಲದೆ ಹೋದದ್ದೇ ಈ ಫಜೀತಿಗೆಲ್ಲ ಮೂಲ. ಜನರ ಆರೋಗ್ಯ ಕೆಡುತ್ತದೆಂದು ಮದ್ಯದ ಜಾಹೀರಾತುಗಳನ್ನು ನಿಷೇಧಿಸಿದ್ದರು. ಚೌಕದ ಕೆಂಪು ಗೋಡೆಯ ಮೇಲಿದ್ದ ಆಳೆತ್ತರದ ಬಾಟಲಿ ಅಳಿಸುವ ಕೆಲಸ ಪೇಂಟರನಿಗೆ ಸಿಕ್ಕಿತು. ಇದು ಸರಿಹೋದರೆ ಊರಿನ ಗೋಡೆಗಳೆಲ್ಲ ಅವನವೇ, ವರ್ಷವಿಡೀ ಕೆಲಸ. ಇದ್ದ ಬಿಳಿ ಬಣ್ಣ ಇಡೀ ಗೋಡೆಗೆ ಸಾಲದೆಂದು ಬಾಟಲಿಯನ್ನಷ್ಟೇ ಅಚ್ಚುಕಟ್ಟಾಗಿ ಮುಚ್ಚಿದ. ಏಣಿ ಇಳಿದು ನೋಡುತ್ತಾನೆ, ಬಿಳೀ ಬಾಟಲಿ ಮೊದಲಿಗಿಂತ ಜೋರಾಗಿ ಮೆರೆಯುತ್ತಿದೆ!

ಎದುರಂಗಡಿಯ ಟೈಲರ್ ಕಣ್ಣು ಕಿರಿದು ಮಾಡಿದ. "ಕಂಪನಿಯೋರ ಜೊತೆ ಏನೋ ಒಳಗೊಳಗೇ ನಡೆದಿದೆ, ನಿಜ ಹೇಳು."

"ಅಯ್ಯೋ, ಬಣ್ಣ ಮುಗೀತು ಕಣಯ್ಯಾ!"

"ಎಲ್ಲಾರೂ ಹಾಗೇ ಹೇಳೋದು. ಸಾಹೇಬ್ರು ಬರೋದ್ರೊಳಗೆ ಅದಕ್ಕೊಂದು ಮುಖ ಬರೆದು ಶಾಲು ಹೊದಿಸು."

ಆರೋಗ್ಯ ಇಲಾಖೆಯ ಸಾಹೇಬರೋ ಅನುಮಾನದ ಮೂಟೆ. ತಮ್ಮ ನೆರಳು ಹಿಂದೆ ಬಂದರೂ ತಿರುಗಿ ನೋಡುವವರು. ಪೇಂಟರ್ ಡಬ್ಬಿಗಳ ತಳದಲ್ಲಿ ಉಳಿದಿದ್ದ ಬೇರೆ ಬಣ್ಣಗಳನ್ನು ಹಿಡಿದು ಮತ್ತೆ ಏಣಿ ಹತ್ತಿದ. ಮೇಲೆ ಸಣ್ಣ ಕತ್ತು, ಕೆಳಗೆ ನೆಟ್ಟಗೆ ದಪ್ಪ ಮೈ: ಇಂಥ ಆಕಾರವನ್ನು ಅವನು ದಿನಾ ಮನೆಯಲ್ಲಿ ನೋಡುತ್ತಿದ್ದ. ಕುಂಚ ತಾನಾಗಿಯೇ ಅವನ ಅತ್ತೆಯನ್ನು ಬರೆಯಿತು.

ಸಾಹೇಬರು ಬಂದವರೇ ಗೋಡೆಗೆ ಮೂಗು ತಾಗಿಸಿ ನಿಂತರು. "ಯಾರಿದು? ಹೊಸ ಬ್ರಾಂಡಾ?"

"ನಮ್ಮತ್ತೆ, ಸಾರ್."

"ಅತ್ತೇನ ಗೋಡೆ ಮೇಲೆ ಬರೆಯೋ ಅಳಿಯನ್ನ ನಾನು ಎಲ್ಲೂ ಕಂಡಿಲ್ಲ. ಕರೆಸು!"

ಟೈಲರ್ ಓಡಿಹೋಗಿ ಅತ್ತೆಯನ್ನು ಕರೆತಂದ. ಸಾಹೇಬರು ಆಕೆಯನ್ನು ಚಿತ್ರದ ಪಕ್ಕ ನಿಲ್ಲಿಸಿ, ಮೂಗಿಗೆ ಮೂಗು, ಗಲ್ಲಕ್ಕೆ ಗಲ್ಲ ಹೋಲಿಸಿದರು. "ಹ್ಞೂಂ, ಇವ್ರೇ" ಎಂದರು. ಪೇಂಟರನಿಗೆ ಹೋದ ಜೀವ ಬಂದಂತಾಯಿತು.

ಅಷ್ಟರಲ್ಲಿ ತೂರಾಡುತ್ತ ಬಂದ ಕುಡುಕನೊಬ್ಬ ಗೋಡೆ ನೋಡಿದ, ಅತ್ತೆಯನ್ನು ನೋಡಿದ, ಕೈಮುಗಿದ. "ಅಮ್ಮಾ, ನಿಮ್ಮ ಈ ಹೊಸ ಮಾಲು ಯಾವ ಅಂಗಡೀಲಿ ಸಿಗುತ್ತೆ?"

"ನೋಡಿದ್ಯಾ!" ಸಾಹೇಬರು ಚೀರಿದರು. "ಇದೂ ಜಾಹೀರಾತೇ! ಕತ್ತಲಾಗೋ ಮುಂಚೆ ಅಳಿಸ್ಬೇಕು. ಇಲ್ದಿದ್ರೆ ಈ ಊರಲ್ಲಿ ಒಂದು ಗೋಡೇನೂ ನಿನಗಿಲ್ಲ!"

ಎಲ್ಲರೆದುರು ಅತ್ತೆಯ ಮಾನ ಕಳೆದೆನಲ್ಲಾ ಎಂದು ಪೇಂಟರ್ ಆಕೆಯ ಕಡೆ ತಿರುಗಿದ. "ತಪ್ಪಾಯ್ತು ಅತ್ತೇ, ಈಗ್ಲೇ ಅಳಿಸಿಬಿಡ್ತೀನಿ."

ಅತ್ತೆ ಗೋಡೆಯಿಂದ ಕಣ್ಣು ಕೀಳಲಿಲ್ಲ. ಆ ಕಣ್ಣುಗಳು ತುಂಬಿದ್ದವು.

"ಮದುವೆಯಾದಾಗಿನಿಂದ ನೀನು ನನಗೆ ಅಂತ ಮಾಡಿದ ಒಂದೇ ಒಳ್ಳೇ ಕೆಲಸ ಇದು" ಎಂದರು. "ಇದನ್ನ ಅಳಿಸಿದ್ಯೋ, ಮತ್ತೆ ಮನೆ ಹೊಸಿಲು ತುಳೀಬೇಡ."