ತಲೆ ತೋರಿಸಲು ಹೊರಟ ಅತ್ತೆ

ನನ್ನ ಸೋದರತ್ತೆಗೆ ತಲೆ ಸರಿಯಿಲ್ಲ. ಇದು ನಾನು ಹೊರಿಸಿದ ಆರೋಪವಲ್ಲ. ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ ಹೋಗುವ ಬಸ್ಸಿನಲ್ಲಿ ಅವಳೇ ಮಾಡುವ ಪ್ರಕಟಣೆ! ಕಂಡಕ್ಟರು ಎಲ್ಲಿಗೆ ಎಂದು ಕೇಳಿದರೆ ಸಾಕು, ತಾಲ್ಲೂಕು ಆಸ್ಪತ್ರೆಗೆ, ತಲೆ ತೋರಿಸಲು ಎಂದು ಕೊನೆಯ ಸೀಟಿನವರಿಗೂ ಕೇಳುವಂತೆ ಹೇಳುತ್ತಾಳೆ. ಆ ಸೀಟುಗಳಲ್ಲಿ ನನ್ನ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರು ಕೂತಿರುತ್ತಾರೆ. ಗುಂಡ್ಲುಪೇಟೆಯಲ್ಲಿ ಟೀಚರಾಗಿರುವ ನನ್ನ ಮರ್ಯಾದೆಯ ಗತಿ ಏನಾಗಬೇಕು?

ಇದೆಲ್ಲ ಶುರುವಾದದ್ದು ಕಡ್ಲೆಪುರಿಯಿಂದ. ಅಂಗನವಾಡಿಯಲ್ಲಿ ಆಶಾ ಕಾರ್ಯಕರ್ತೆ ಮನಸ್ಸಿನ ಆರೋಗ್ಯದ ಬಗ್ಗೆ ಸಭೆ ಕರೆದಿದ್ದಳು. ಬಂದವರಿಗೆ ಕಡ್ಲೆಪುರಿ, ಟೀ ಉಂಟೆಂದು ತಿಳಿದು ಅತ್ತೆ ಮೊದಲ ಸಾಲಿನಲ್ಲೇ ಕೂತಳು. ಪುರಿ ಮುಗಿಯುವಷ್ಟರಲ್ಲಿ ಎರಡು ಮಾತು ಕಿವಿಗೆ ಬಿದ್ದಿದ್ದವು. ನಿದ್ದೆ ಬಾರದವರನ್ನು ಸುಮ್ಮನೆ ಬಿಡಬಾರದು. ಆಸ್ಪತ್ರೆಗೆ ಹೆದರುವವರ ಜೊತೆ ಯಾರಾದರೂ ಹೋಗಬೇಕು. ಮಾರನೆಯ ದಿನದಿಂದ ಕಂಡಕಂಡವರನ್ನು ಊಟ ಆಯಿತಾ ಎನ್ನುವ ಬದಲು ನಿದ್ದೆ ಆಯಿತಾ ಎಂದು ಕೇಳತೊಡಗಿದಳು. ಹಾಲಿನ ಡೈರಿಯ ಸೆಕ್ರೆಟರಿ, ದಿನಾ ಮಧ್ಯಾಹ್ನ ಆಫೀಸಿನಲ್ಲೇ ಚೆನ್ನಾಗಿ ಆಗುತ್ತದೆ ಎಂದು ಎಲ್ಲರೆದುರು ಒಪ್ಪಿಕೊಂಡು ಪೇಚಿಗೆ ಸಿಕ್ಕಿದ.

ನಿದ್ದೆ ಬಾರದವರು ಸಿಕ್ಕರೂ ಆಸ್ಪತ್ರೆಗೆ ಬರಬೇಕಲ್ಲ! ಚೆಂಡುಹೂ ಬೆಳೆಯುವ ನಮ್ಮ ಪಕ್ಕದ ಮನೆಯವನು ತಿಂಗಳಿಂದ ಯಾರೊಡನೆಯೂ ಮಾತಿಲ್ಲದೆ ಮೂಲೆ ಹಿಡಿದಿದ್ದ. ಆಸ್ಪತ್ರೆಗೆ ಹೋದರೆ ಜನ ಹುಚ್ಚ ಎಂದುಬಿಡುತ್ತಾರೆಂಬ ಭಯ ಅವನಿಗೆ. ನಮ್ಮ ಕಡೆ ಆಸ್ಪತ್ರೆಗೆ ಯಾರೂ ಒಬ್ಬರೇ ಹೋಗುವುದಿಲ್ಲ. ಜೊತೆಗೆ ಬಾ ಎಂದು ಕರೆದರೆ ಇಲ್ಲವೆನ್ನುವವರೂ ಇಲ್ಲ. ಅತ್ತೆ ಅದನ್ನೇ ಹಿಡಿದುಕೊಂಡಳು.

"ನಂಗೇ ತಲೆ ಸರ್ಯಾಗಿಲ್ಲ ಕಣ್ಲಾ. ಒಬ್ಳೇ ಓಗಕೆ ಭಯ. ಜೊತ್ಗೆ ಬಾ."

ಅವನು ಬಂದ. ವಾರಕ್ಕೊಮ್ಮೆ ಬರುವ ಮನಸ್ಸಿನ ಡಾಕ್ಟರ ಮುಂದೆ ಕೂತ ಮೇಲೆ ಅತ್ತೆ, ನನ್ನದು ಆಮೇಲೆ, ಮೊದಲು ಇವನನ್ನು ವಿಚಾರಿಸಿ ಎಂದು ಎದ್ದುಬಂದು, ಹೊರಗಿನ ಬೆಂಚಿನಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಳಂತೆ. ಅಂದಿನಿಂದ ಎಷ್ಟೋ ಜನರಿಗೆ "ಜೊತೆ" ಸಿಕ್ಕಿತು, ಅವಳ ಸರದಿ ಮಾತ್ರ ಇಂದಿಗೂ ಬಂದಿಲ್ಲ! ಬೆಂಚಿನಲ್ಲಿ ತಲೆ ತಗ್ಗಿಸಿ ಕೂತವರ ಮಡಿಲಿಗೂ ಒಂದೊಂದು ಹಿಡಿ ಕಾಯಿ ಹಾಕುತ್ತಾಳೆ. ಡಾಕ್ಟರು ತಡ ಮಾಡಿದಷ್ಟೂ ಅವಳ ಸಾರಿಗೆ ಕಾಳು ಹೆಚ್ಚು.

ಊರು ಅತ್ತೆಯ ಮಾತನ್ನು ನಂಬಿಯೇಬಿಟ್ಟಿತು. ಮನೆತನದ ಹೆಸರು ಹಾಳು ಮಾಡುತ್ತೀಯ ಎಂದು ನಾನು ರೇಗಿದಾಗ ಗುಟ್ಟು ಬಿಟ್ಟುಕೊಟ್ಟಳು.

"ಉಚ್ಚಿ ಅಂದ್ರೆ ಅನ್ಲಿ ಬುಡು. ಪಕ್ಕದ್ಮನೇವ್ನು ಉಂಡ್ಕೊಂಡು ನಿದ್ದೆ ಮಾಡ್ತಾವ್ನಲ್ಲ."

ಆದರೂ ಉಮ್ಮತ್ತೂರಿನಿಂದ ಗಂಡಿನ ಕಡೆಯವರು ನನ್ನ ಮಗಳನ್ನು ನೋಡಲು ಬಂದಾಗ, ಅಡುಗೆಮನೆ ಬಿಟ್ಟು ಬರಬೇಡವೆಂದು ಅತ್ತೆಯನ್ನು ಬೇಡಿಕೊಂಡೆ. ಲೋಟ ಇಡುವ ನೆಪದಲ್ಲಿ ಹುಡುಗನ ತಾಯಿಯೇ ಒಳಗೆ ಹೋದರು. ಅರ್ಧ ಗಂಟೆಯಾದರೂ ಬರಲಿಲ್ಲ. ಸಂಬಂಧ ತಪ್ಪಿತು ಎಂದು ನಾನು ಕೈ ಚೆಲ್ಲಿ ಕೂತೆ. ಆಕೆ ಹೊರಬಂದು ನನ್ನ ಕಿವಿಯಲ್ಲಿ ಕೇಳಿದ್ದು ಇಷ್ಟೇ: ಆ ಡಾಕ್ಟರು ಬರುವುದು ಯಾವ ವಾರ? ಮದುವೆಯೂ ಸುಸೂತ್ರವಾಗಿ ನಡೆಯಿತು.

ಮರುವರ್ಷ ನನ್ನ ಗಂಡ ತೀರಿಕೊಂಡರು. ನಾನು ಹೆಚ್ಚು ರಜೆ ಹಾಕಲಿಲ್ಲ. ಪಾಠ ಮಾಡಿದೆ, ನೋಟ್ಸು ತಿದ್ದಿದೆ, ಕೇಳಿದವರಿಗೆಲ್ಲ ಚೆನ್ನಾಗಿದ್ದೇನೆ ಎಂದೆ. ಕಣ್ಣಿಗೆ ನಿದ್ದೆ ಹತ್ತದೆ ಎಷ್ಟು ವಾರವಾಗಿತ್ತೋ ನನಗೇ ಲೆಕ್ಕವಿರಲಿಲ್ಲ. ಊರಿಗೆಲ್ಲ ಕೇಳುವ ಆ ಪ್ರಶ್ನೆಯನ್ನು ಅತ್ತೆ ನನಗೆ ಕೇಳಲೇ ಇಲ್ಲ. ಒಂದು ಬೆಳಿಗ್ಗೆ ಅವರೆಕಾಯಿ ಚೀಲ ಹಿಡಿದು ಬಾಗಿಲಲ್ಲಿ ನಿಂತಳು.

"ನಂಗೆ ತಲೆ ಸರ್ಯಾಗಿಲ್ಲ ಕಣಮ್ಮಿ. ಜೊತ್ಗೆ ಬಾ."

ಗುಟ್ಟು ನನಗೆ ಗೊತ್ತಿದೆ ಎಂಬುದು ಅವಳಿಗೂ ಗೊತ್ತಿತ್ತು. ಸೀರೆ ಬದಲಿಸಿ ಹೊರಟೆ. ಬಸ್ಸಿನಲ್ಲಿ ಎಂದಿನ ಪ್ರಕಟಣೆ ಆಯಿತು. ಆಸ್ಪತ್ರೆಯಲ್ಲಿ ಚೀಟಿ ಬರೆಯುವವರ ಮಗಳು ನನ್ನ ತರಗತಿಯಲ್ಲೇ ಓದುತ್ತಾಳೆ. ಅವರು ನನಗೆ ನಮಸ್ಕಾರ ಹೇಳಿ, ಅತ್ತೆಯ ಹೆಸರು ಬರೆಯಲು ಪೆನ್ನು ತೆಗೆದರು.

"ನನ್ನ ಹೆಸರು ಬರೀರಿ" ಎಂದೆ.

ಅತ್ತೆ ಬೆಂಚಿನಲ್ಲಿ ನನಗೆ ಜಾಗ ಬಿಟ್ಟು ಕೂತು, ಮಡಿಲಿಗೆ ಒಂದು ಹಿಡಿ ಅವರೆಕಾಯಿ ಹಾಕಿದಳು. ಬಿಡಿಸುತ್ತಾ ಬಿಡಿಸುತ್ತಾ, ಗಂಡ ಹೋದ ದಿನವೂ ಬಾರದ ಅಳು ಬಂತು. ನಾನು ಎಲ್ಲರೆದುರೇ ಅತ್ತೆ. ಅತ್ತೆ ತನ್ನ ಪಾಡಿಗೆ ಕಾಯಿ ಬಿಡಿಸುತ್ತಾ ಪಕ್ಕದಲ್ಲೇ ಕೂತಿದ್ದಳು.