ಕೊಕ್ಕೆ ತಕ್ಕಡಿಯಲ್ಲಿ ತೂಗಿದ ಕಂಪ್ಯೂಟರ್

ಹಗುರವಾದ ವಸ್ತುಗಳನ್ನು ನಾನು ನಂಬುವುದಿಲ್ಲ. ಇದನ್ನು ನನ್ನ ಹೆಂಡತಿ ಕಮಲ ಚಾಳಿ ಎನ್ನುತ್ತಾಳೆ, ನಾನು ಅನುಭವ ಎನ್ನುತ್ತೇನೆ. ಸೇಲಂನಲ್ಲಿ ರೈಲ್ವೆ ಪಾರ್ಸೆಲ್ ಆಫೀಸಿನ ತಕ್ಕಡಿಯ ಮುಂದೆ ಮೂವತ್ತನಾಲ್ಕು ವರ್ಷ ನಿಂತವನು ನಾನು. ಮಾವಿನ ಬುಟ್ಟಿ, ಜವ್ವರಿಸಿ ಎಂಬ ಸಬ್ಬಕ್ಕಿಯ ಮೂಟೆ, ಜವಳಿ ಗಂಟು, ಒಮ್ಮೆ ಒಂದು ಹಾರ್ಮೋನಿಯಂ, ಎಲ್ಲವೂ ನನ್ನೆದುರು ಕೂತು ಎದ್ದು ಹೋಗಿವೆ. ಒಳಗೇನಿದೆ ಎಂಬುದು ಬರೆದುಕೊಳ್ಳುವ ಗುಮಾಸ್ತನ ಚಿಂತೆ, ಎಷ್ಟಿದೆ ಎಂಬುದು ನನ್ನ ಚಿಂತೆ. ನಮ್ಮೂರಲ್ಲಿ ಇದೇನೂ ಹೊಸದಲ್ಲ. ಬೆಳ್ಳಿ ಕಾಲ್ಗೆಜ್ಜೆಯಿಂದ ಹಿತ್ತಾಳೆ ಅಂಡೆಯವರೆಗೆ ಸೇಲಂನ ಗೃಹಸ್ಥರು ಎಲ್ಲವನ್ನೂ ಕೈಯಲ್ಲೊಮ್ಮೆ ಎತ್ತಿ ನೋಡಿಯೇ ಕೊಳ್ಳುವುದು. ನಿವೃತ್ತನಾದ ಮೇಲೂ ಬೆಳಗಿನ ಜಾವ ನಾಲ್ಕೂ ಮುಕ್ಕಾಲಿಗೆ ಏಳುವುದು, ಸಂಜೆ ನಾಲ್ಕೂವರೆಗೆ ಕಾಫಿ ಕುಡಿಯುವುದು, ತಂದ ಬದನೆಕಾಯಿಯನ್ನು ಅಡಿಗೆಮನೆ ಬಾಗಿಲ ಹಿಂದಿನ ಕೊಕ್ಕೆ ತಕ್ಕಡಿಗೆ ನೇತುಹಾಕುವುದು, ಇವು ಮೂರೂ ತಪ್ಪಿಲ್ಲ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ದೀಪಾವಳಿಯ ಮಾರನೆಯ ದಿನ ನಲ್ಲಂಪಳ್ಳಿಯಲ್ಲಿರುವ ಕಮಲಳ ತಮ್ಮ ರಂಗನ ಮನೆಗೆ ಹೋಗಿದ್ದೆವು. ರಂಗ ಅಲ್ಲಿ ಟೈಪಿಂಗ್ ಕಲಿಸುತ್ತಾನೆ. ಕಾಲಕ್ಕೆ ತಕ್ಕಂತೆ ಒಂದು ಕಂಪ್ಯೂಟರನ್ನೂ ಇಟ್ಟುಕೊಂಡಿದ್ದ. ಅದರಲ್ಲಿ ಕಾರಿನ ಪಂದ್ಯವೊಂದಿತ್ತು. ಬಸ್ಸಿನಲ್ಲಿ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರಲೂ ಅಂಜುತ್ತಿದ್ದ ಕಮಲ ಊಟವಾದ ಮೇಲೆ ಅದರ ಮುಂದೆ ಕೂತವಳು ಏಳಲೇ ಇಲ್ಲ. ಮೂರು ಸುತ್ತಿನ ಪಂದ್ಯ. ಎರಡು ಸುತ್ತು ಮುಗಿಸಿ, ಮೂರನೆಯದರಲ್ಲಿ ಎಲ್ಲರನ್ನೂ ಹಿಂದೆ ಹಾಕಿ, ಕೊನೆಗುಳಿದ ಒಂದು ಕೆಂಪು ಕಾರಿನ ಬೆನ್ನು ಹತ್ತಿದ್ದಳು. ನನ್ನ ಗಡಿಯಾರದಲ್ಲಿ ನಾಲ್ಕೂ ಐದು. ಬಸ್ಸು ನಾಲ್ಕೂ ಇಪ್ಪತ್ತಕ್ಕೆ. ಏಳು ಎಂದೆ, ಒಂದು ನಿಮಿಷ ಎಂದಳು. ನಾನು ಸ್ವಿಚ್ ಆರಿಸಿದೆ.

ಬಸ್ಸು ಬಂದದ್ದು ನಾಲ್ಕೂ ಐವತ್ತಕ್ಕೆ. ಅದು ನನ್ನ ತಪ್ಪಲ್ಲ. ತೊಪ್ಪೂರು ಘಾಟಿಯಲ್ಲಿ ಒಂದು ಲಾರಿಯ ಹಿಂದೆ ಆಮೆಯಂತೆ ತೆವಳುವಾಗ ಕಮಲ ಮೊದಲ ಬಾರಿಗೆ ಬಾಯಿ ತೆರೆದಳು. "ಆ ಕೆಂಪು ಕಾರೊಂದೇ ಬಾಕಿ ಇತ್ತು" ಎಂದಳು. ಮುಂದೆ ಮೂರು ತಿಂಗಳು ಸಾರು ಬಡಿಸುವಾಗ, ಬಟ್ಟೆ ಮಡಿಸುವಾಗ, ಇನ್ನೊಬ್ಬರ ಮದುವೆಯಲ್ಲಿ ಅಕ್ಷತೆ ಹಿಡಿದು ನಿಂತಾಗಲೂ ಆ ವಾಕ್ಯ ನನ್ನ ಕಿವಿಗೆ ಬೀಳುತ್ತಿತ್ತು. ಅಷ್ಟರಲ್ಲಿ ನನ್ನದೊಂದು ಡಿಪಾಸಿಟ್ ಕೈಗೆ ಬಂತು. ಏನು ಬೇಕು ಎಂದು ಅವಳನ್ನು ಕೇಳಿದೆ. ಗ್ರೈಂಡರ್ ಎನ್ನುತ್ತಾಳೆಂದು ನನ್ನ ಲೆಕ್ಕ. ಗ್ರೈಂಡರಿಗೆ ತೂಕವಿದೆ.

"ಮೂವತ್ತೊಂದು ವರ್ಷದಲ್ಲಿ ನಾನ್ ಏನೂ ಕೇಳಿಲ್ಲ. ನಂಗೆ ಆ ರೇಸ್ ಮುಗಿಸ್ಬೇಕು. ನಮ್ಮನೇಲಿ, ನೀವ್ ಗಡಿಯಾರ ನೋಡ್ದಂಗೆ" ಎಂದಳು.

ಐದು ರಸ್ತೆ ಕೂಡುವ ಅಂಜುರೋಡಿನ ಒಂದು ಮಹಡಿಯ ಮೇಲೆ ಶಿವಣ್ಣ ಎಂಬಾತ ಬಿಡಿಭಾಗಗಳನ್ನು ಕೂಡಿಸಿ ಕಂಪ್ಯೂಟರ್ ಮಾಡಿಕೊಡುತ್ತಾನೆಂದು ರಂಗ ಹೇಳಿದ್ದ. ಮೆಟ್ಟೂರು ಕಡೆಯ ಕನ್ನಡದವನು, ಪಾಲಮಲೆಯ ಬುಡದ ಊರು. ಮೂವತ್ತೈದು ಸಾವಿರ, ಅದರ ಮೇಲೆ ಒಂದು ರೂಪಾಯಿ ಇಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಅವನು ತಲೆಯಾಡಿಸಿ, ಪಂದ್ಯ ಆಡುವುದಕ್ಕೆ ಯಾವುದು ಎಷ್ಟು ಮುಖ್ಯ ಎಂಬ ಕ್ರಮದಲ್ಲಿ ಒಂದು ಪಟ್ಟಿ ಬರೆದ. ಮೊದಲು ಚಿತ್ರ ಮೂಡಿಸುವ ಕಾರ್ಡು, ಆಮೇಲೆ ಮೆಮೊರಿ, ಆಮೇಲೆ ಪ್ರೊಸೆಸರ್, ಹೀಗೆ ಇಳಿಯುತ್ತಾ ಇಳಿಯುತ್ತಾ ಕೊನೆಗೆ ಪೆಟ್ಟಿಗೆ, ಕರೆಂಟು ಹೋದರೆ ಕಾಯುವ ಯುಪಿಎಸ್. ಕ್ರಮಬದ್ಧವಾದ ಪಟ್ಟಿಯನ್ನು ನಾನು ಗೌರವಿಸುತ್ತೇನೆ. ಆದರೂ ಪರಿಶೀಲಿಸದೆ ಸಹಿ ಹಾಕುವವನಲ್ಲ. ಬಟ್ಟೆಯ ಚೀಲದಿಂದ ಕೊಕ್ಕೆ ತಕ್ಕಡಿಯನ್ನು ತೆಗೆದೆ.

ಶಿವಣ್ಣ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಕಾರ್ಡನ್ನು ಕೊಕ್ಕೆಗೆ ಹಾಕಿದೆ. ಮುಳ್ಳು ಮೊದಲ ಗೆರೆಯನ್ನೂ ಮುಟ್ಟಲಿಲ್ಲ. ಮೆಮೊರಿ ಎಂಬುದು ಗ್ಲುಕೋಸ್ ಬಿಸ್ಕತ್ತಿಗಿಂತ ಕಡೆ. ಪ್ರೊಸೆಸರ್ ಮೇಲಿನ ಫ್ಯಾನಿಗೆ ಮಾತ್ರ ಒಂದಿಷ್ಟು ಘನತೆ ಇತ್ತು. ಯುಪಿಎಸ್ಸನ್ನು ನೇತುಹಾಕಿದಾಗ ಮುಳ್ಳು ಎಂಟು ಕಿಲೋ ದಾಟಿ ನಿಂತಿತು. ಬೆಲೆ ಕೇಳಿದರೆ ಕಾರ್ಡಿನದೂ ಯುಪಿಎಸ್ಸಿನದೂ ಹೆಚ್ಚುಕಡಿಮೆ ಒಂದೇ. ಬದನೆಕಾಯಿಯಷ್ಟು ಭಾರವಿಲ್ಲದ ತಗಡಿಗೂ ಎಂಟು ಕಿಲೋ ಸಾಮಾನಿಗೂ ಒಂದೇ ಬೆಲೆ ಎಂದರೆ ಯಾವುದನ್ನು ಕೊಳ್ಳಬೇಕೆಂದು ಪಾರ್ಸೆಲ್ ಆಫೀಸಿನ ಬೆಕ್ಕೂ ಹೇಳುತ್ತದೆ. ಪಟ್ಟಿಯನ್ನು ತಲೆಕೆಳಗು ಮಾಡಿದೆ. ದಪ್ಪ ಉಕ್ಕಿನ ಪೆಟ್ಟಿಗೆ, ಯುಪಿಎಸ್, ಇಬ್ಬರು ಹೊರಬೇಕಾದ ಹದಿನೇಳು ಇಂಚಿನ ಮಾನಿಟರ್ ಮೇಲೆ ಹೋದವು. ಮೆಮೊರಿಯನ್ನು ಅರ್ಧಕ್ಕೆ ಇಳಿಸಿದೆ. ಕಾರ್ಡಿನ ಮೇಲೆ ಅಡ್ಡಗೆರೆ ಎಳೆದೆ. ಅದಿಲ್ಲದಿದ್ದರೆ ಚಿತ್ರವೇ ಬರುವುದಿಲ್ಲವೋ ಎಂದು ಕೇಳಿದೆ. ಬೋರ್ಡಿನಲ್ಲೇ ಒಂದು ಸಣ್ಣ ವ್ಯವಸ್ಥೆ ಇದೆ, ಬರುತ್ತದೆ ಎಂದ.

"ಆದ್ರೆ ಸಾರ್, ಗೇಮ್‌ಗೆ ಕಾರ್ಡೇ ದಾನ್ ಮುಖ್ಯ. ಪೆಟ್ಟಿಗೆ ಎಂಗಿದ್ರೂ ಆಯ್ತದೆ. ಪೆಟ್ಟಿಗೆ ಓಡಲ್ಲ ಸಾರ್, ಕಾರ್ ಓಡ್ಬೇಕು."

ಇದು ಮಾರಾಟದ ಮಾತು ಎಂದು ನಾನು ಅದನ್ನು ಬದಿಗಿಟ್ಟೆ. ಅವನು ತಮಿಳಿನಲ್ಲಿ "ರೊಂಬ ಕಷ್ಟಂ", ಬಲು ಕಷ್ಟ, ಎಂದು ಗೋಡೆಗೆ ಹೇಳಿದ.

ಸಾಮಾನು ತಂದ ಆಟೋ ಒಂದು ಕಡೆಗೆ ವಾಲಿಕೊಂಡೇ ಬಂತು. ನೋಡಿ ನನಗೆ ತೃಪ್ತಿಯಾಯಿತು. ಶಿವಣ್ಣ ಎಲ್ಲವನ್ನೂ ಜೋಡಿಸಿದ, ರಂಗ ಕಳಿಸಿದ್ದ ಸಿ.ಡಿ.ಯಿಂದ ಅದೇ ಪಂದ್ಯವನ್ನು ಹಾಕಿದ, ಕಾಫಿಗೂ ನಿಲ್ಲದೆ ಹೋದ. ಕಮಲ ಕೈ ತೊಳೆದು ಬಂದು ಕೂತು ಕೀಲಿ ಒತ್ತಿದಳು. ಕಾರು ಯೋಚಿಸಿತು. ಒಂದು ಚಿತ್ರ ಬಂತು. ಇನ್ನೊಂದು ಬರುವುದರೊಳಗೆ ನಾನು ಕನ್ನಡಕ ಒರೆಸಿ ಹಾಕಿಕೊಂಡೆ. ಮಾನಿಟರ್ ದೊಡ್ಡದಾದ್ದರಿಂದ ಕಾರು ನಿಂತಿರುವುದು ಬಹಳ ಸ್ಪಷ್ಟವಾಗಿ ಕಾಣುತ್ತಿತ್ತು. ಎಡಕ್ಕೆ ತಿರುಗಿಸಿದರೆ ಅದು ಗೋಡೆಗೆ ಬಡಿದಾದ ಮೇಲೆ ಎಡಕ್ಕೆ ತಿರುಗುತ್ತಿತ್ತು.

"ತೊಪ್ಪೂರ್ ಘಾಟಿ ಇದ್ದಂಗೈತೆ" ಎಂದಳು ಕಮಲ.

ನಿಧಾನವಾಗಿ ಹೋದರೆ ಅಪಾಯವಿಲ್ಲ ಎಂದು ನಾನು ಸಮಾಧಾನ ಹೇಳಿದೆ. ಅವಳು ಎದ್ದು ಕಂಪ್ಯೂಟರಿನ ಮೇಲೆ ಬಟ್ಟೆ ಮುಚ್ಚಿ ಸೊಪ್ಪು ಬಿಡಿಸಲು ಹೋದಳು.

ಐದು ದಿನ ಆ ಬಟ್ಟೆ ತೆಗೆಯಲಿಲ್ಲ. ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಕಾಫಿ ನಾಲ್ಕೂವರೆಗೆ ಬರುತ್ತಿತ್ತು. ಕೆಂಪು ಕಾರಿನ ಮಾತು ಮಾತ್ರ ನಿಂತುಹೋಯಿತು. ನನಗೆ ಹೆದರಿಕೆಯಾದದ್ದು ಆಗಲೇ. ವಾರಸುದಾರರು ಬಂದು ಜಗಳವಾಡುವ ಗಂಟಿನ ಬಗ್ಗೆ ಪಾರ್ಸೆಲ್ ಆಫೀಸಿನಲ್ಲಿ ಯಾರೂ ಹೆದರುವುದಿಲ್ಲ. ಕೇಳುವವರು ಬರುವುದನ್ನೇ ಬಿಟ್ಟ ಗಂಟು ಹರಾಜಿಗೆ ಹೋಗುತ್ತದೆ. ಅಂಥ ಗಂಟುಗಳನ್ನು ನಾನು ಎಷ್ಟೋ ಕಂಡಿದ್ದೇನೆ. ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಧೈರ್ಯ ನನಗಿರಲಿಲ್ಲ.

ಆರನೆಯ ದಿನ ಯುಪಿಎಸ್ಸನ್ನು ಚೀಲಕ್ಕೆ ಹಾಕಿ ಅಂಜುರೋಡಿನ ಮಹಡಿ ಹತ್ತಿದೆ. ಎಂಟು ಕಿಲೋ ಎಂದರೆ ಎಷ್ಟು ಎಂಬುದು ಮೂವತ್ತನಾಲ್ಕು ವರ್ಷದಲ್ಲಿ ತಕ್ಕಡಿಗೆ ಗೊತ್ತಿತ್ತು, ಹೆಗಲಿಗೆ ಅವತ್ತು ಗೊತ್ತಾಯಿತು. ಕಾರ್ಡಿಗೆ ಬದಲಾಗಿ ಇದನ್ನು ತೆಗೆದುಕೊಳ್ಳಬಹುದೇ ಎಂದು ಕೇಳಿದೆ. "ನಾನ್ ಅವತ್ತೇ ಸೊನ್ನೆನ್ ಸಾರ್" ಎಂದು, ಹೇಳಿದ್ದೆನಲ್ಲ ಎಂಬುದನ್ನು ಅರ್ಧ ತಮಿಳಿನಲ್ಲಿ ಅಂದನೇ ಹೊರತು ಹೆಚ್ಚು ಆಡಲಿಲ್ಲ. ಒಳ್ಳೆಯವನು. ಕಾರ್ಡನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಅವನ ಸ್ಕೂಟರಿನ ಹಿಂದೆ ಕೂತು ಬಂದೆ. ದಾರಿಯಲ್ಲಿ ಬಿದ್ದುಹೋಯಿತೇನೋ ಎಂದು ಎರಡು ಸಲ ಜೇಬು ಮುಟ್ಟಿ ನೋಡಿಕೊಂಡೆ. ಶಿವಣ್ಣ ಅದನ್ನು ಪೆಟ್ಟಿಗೆಯೊಳಗೆ ಕೂರಿಸಿಕೊಟ್ಟ.

ಮಾರನೆಯ ದಿನ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಕಮಲ ಕೂತಳು. ಮೊದಮೊದಲು ನಾಲ್ಕಾರು ಸಲ ಸೋತಳು, ಬೇಸರಪಡಲಿಲ್ಲ. ಕಾರು ಓಡಿತು, ಮರಗಳು ಹಿಂದೆ ಹಿಂದೆ ಹೋದವು. ಒಂದು ಸಲ ಮೂರನೆಯ ಸುತ್ತಿಗೆ ಬಂದಳು. ಮುಂದೆ ಕೆಂಪು ಕಾರು. ಆಗ ಸರಿಯಾಗಿ ನಾಲ್ಕೂವರೆ. ನಾಲ್ಕೂವರೆಗೆ ನನ್ನ ಮೈ ತಾನಾಗಿ ಎದ್ದು ನಿಲ್ಲುತ್ತದೆ. ನಿಂತ ಜಾಗ ಸ್ವಿಚ್ಚಿನ ಪಕ್ಕ.

"ಸ್ವಿಚ್ ಅತ್ರ ನಿಂತ್ಕೋಬೇಡಿ" ಎಂದಳು, ತಿರುಗಿ ನೋಡದೆ.

ಸುಮ್ಮನೆ ನಿಂತಿದ್ದೇನೆ ಎಂದೆ.

"ಅವತ್ತೂ ಸುಮ್ನೆ ನಿಂತಿದ್ರಿ. ಅಡಿಗೆಮನೇಗ್ ಓಗಿ."

ಹೋದೆ. ಹೇಗೂ ಬಂದದ್ದಾಯಿತು, ಕಾಫಿಯನ್ನು ನಾನೇ ಮಾಡುವುದೆಂದು ತೀರ್ಮಾನಿಸಿದೆ. ಅದು ನನ್ನ ಮೊದಲ ಕಾಫಿ. ಕಂಪ್ಯೂಟರಿನ ಕಡೆಯಿಂದ ಒಂದು ಸಲ ಟೈರು ಕಿರುಗುಟ್ಟಿದ ಸದ್ದು, ಆಮೇಲೆ ಒಂದು ಸಣ್ಣ ಸಂಗೀತ ಕೇಳಿಸಿತು. ಲೋಟ ಹಿಡಿದು ಬರುವಷ್ಟರಲ್ಲಿ ಕಮಲ ಕುರ್ಚಿಗೆ ಒರಗಿ ಕೂತಿದ್ದಳು. ಪರದೆಯ ಮೇಲೆ ಬಂಗಾರದ ಬಟ್ಟಲೊಂದು ತಿರುಗುತ್ತಿತ್ತು. ಮೂರು ತಿಂಗಳಿಂದ ಆ ಕೆಂಪು ಕಾರಿನ ಜೊತೆ ಬದುಕಿದ ನಾನು ಅದು ಸೋತದ್ದನ್ನು ನೋಡಲಿಲ್ಲ.

ಅವಳು ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿದಳು.

"ಪುಡಿ ಆಕಿದ್ರಾ?"

ಹಾಕಿದ್ದೆ. ಆದರೆ ಪೊಟ್ಟಣ ಕಟ್ಟಿ ತಕ್ಕಡಿಗೆ ನೇತುಹಾಕಿದಾಗ ಮುಳ್ಳು ಅಲ್ಲಾಡಲೇ ಇಲ್ಲ. ಇಷ್ಟು ಹಗುರವಾದದ್ದು ಕಾಫಿಗೆ ಅಷ್ಟೇನು ಮುಖ್ಯವಾದೀತು ಎಂದು ಮುಕ್ಕಾಲು ಪಾಲನ್ನು ಡಬ್ಬಕ್ಕೆ ವಾಪಸು ಸುರಿದು, ಅದರ ಬದಲು ಹಾಲನ್ನು ಹೆಚ್ಚಿಸಿದ್ದೆ.